ಹರಗದ ಒಂದು ಎಕರೆ

ಈ ಬರಹ ಪತ್ರಿಕೆಗೆ ಕೊಡಬೇಕೋ ಬೇಡವೋ ಅಂತ ನಾವು ನಾಲ್ಕೂ ಜನ ಎರಡು ವಾರ ಜಗಳ ಆಡಿದ್ವಿ. ವೈವಾದ ಹಿಂದಿನ ರಾತ್ರಿ ನಮ್ಮ ಸ್ಲೈಡುಗಳಲ್ಲಿ ಒಂದನ್ನು ತೆಗೆದು ಹಾಕಿದ್ದೆವು. ಅದರಲ್ಲಿದ್ದದ್ದು ಮೂರೇ ಮೂರು ಅಂಕಿ, ಮೂರು ಎಕರೆ ಗೋಧಿಯ ಇಳುವರಿ. ಮಾರನೇ ದಿನ ಸೆನ್ಸರ್ ಬಗ್ಗೆ ಕೇಳಿದರು, ಹೇಳಿದೆವು. ಹೊಲದ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ. ಮಾರ್ಕ್ಸ್ ಚೆನ್ನಾಗೇ ಬಂತು. ಆ ಸ್ಲೈಡಿನ ಕಥೆ ಇದು.

ನಮ್ಮಲ್ಲಿ ಮೂವರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಒಬ್ಬ ನವಲಗುಂದ ತಾಲ್ಲೂಕಿನ ಎರೆಹೊಲದವನು, ಒಬ್ಬ ಮಂಡ್ಯದವನು, ಒಬ್ಬ ಶಿವಮೊಗ್ಗದ ಕಡೆಯವನು, ಇನ್ನೊಬ್ಬ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಗೋಧಿಯನ್ನು ಆಶೀರ್ವಾದ್ ಆಟಾ ಪ್ಯಾಕೆಟ್ಟಿನಲ್ಲಿ ಮಾತ್ರ ನೋಡಿದವನು. ಮಂಡ್ಯದವನಿಗೆ ಬೆಳೆ ಅಂದರೆ ಕಾಲುವೆ ನೀರು. "ನೀರು ಕಟ್ಟದೆ ಗೋಧಿ ಬೆಳೀತಾರಾ?" ಅಂತ ಅವನು ಕೇಳಿದ ಪ್ರಶ್ನೆಯಿಂದಲೇ ನಮ್ಮ ಪ್ರಾಜೆಕ್ಟ್ ಶುರುವಾಗಿದ್ದು.

ಬೆಳೀತಾರೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಹಿಂಗಾರಿ ಗೋಧಿಯನ್ನು ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ ಕೊನೆಗೆ ಕೊಯ್ಯುತ್ತಾರೆ. ಈ ನಾಲ್ಕು ತಿಂಗಳಲ್ಲಿ ಒಂದೆರಡು ಮಳೆ ಬಿದ್ದರೆ ಪುಣ್ಯ. ಬೀಳದಿದ್ದರೂ ಬೆಳೆ ನಿಲ್ಲುತ್ತದೆ, ಏಕೆಂದರೆ ಅದು ಕುಡಿಯುವುದು ಮುಂಗಾರಿನಲ್ಲಿ ಮಣ್ಣು ಕುಡಿದಿಟ್ಟ ನೀರನ್ನು. ಎರೆಮಣ್ಣಿನಲ್ಲಿ ಅರ್ಧದಷ್ಟು ಜೇಡಿಯೇ ಇರುತ್ತದೆ. ಒಂದು ಮೀಟರ್ ಆಳದ ಮಣ್ಣು ಚೆನ್ನಾಗಿ ನೆನೆದರೆ ಬೆಳೆ ಎಳೆದುಕೊಳ್ಳಬಲ್ಲಂಥ ನೀರು ಸುಮಾರು 150ರಿಂದ 200 ಮಿ.ಮೀ.ನಷ್ಟು ಅದರಲ್ಲಿ ಕೂತಿರುತ್ತದೆ. ಹೊಲವೇ ಒಂದು ಬ್ಯಾಟರಿ ಅಂದುಕೊಳ್ಳಿ. ಮುಂಗಾರಿನಲ್ಲಿ ಚಾರ್ಜು, ಹಿಂಗಾರಿನಲ್ಲಿ ಡಿಸ್‌ಚಾರ್ಜು. ಬಿತ್ತುವ ಮೊದಲು ಅದು ಎಷ್ಟು ಸೋರಿಹೋಗುತ್ತದೆ ಅನ್ನುವುದು ಉಳುಮೆಯ ಮೇಲೆ ನಿಂತಿದೆ.

ಅದೇ ನಮ್ಮ ತಲೆ ಕೆಡಿಸಿದ್ದು.

ಆರನೇ ಸೆಮಿಸ್ಟರಿನಲ್ಲಿ ನಾವು ನೋಡಿದ ವಿಡಿಯೋಗಳಿಗೆ ಲೆಕ್ಕವಿಲ್ಲ. ಪಂಜಾಬಿನಲ್ಲಿ ಭತ್ತದ ಕೂಳೆ ಸುಡದೆ ಅದರ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್, ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ನೇಗಿಲು ಮುಟ್ಟಿಸದ ಹೊಲಗಳು. ಜೊತೆಗೆ ಅಮೆರಿಕದ ಧೂಳಿನ ಕಥೆ. ಅಲ್ಲಿಯ ಬಯಲು ಸೀಮೆಯಲ್ಲಿ ಹುಲ್ಲುಗಾವಲು ಕಿತ್ತು ಗೋಧಿ ಬಿತ್ತಿದರು. ಮೇಲ್ಮಣ್ಣನ್ನು ಪುಡಿ ಮಾಡಿಟ್ಟರೆ ಅದೇ ಹೊದಿಕೆಯಾಗಿ ಒಳಗಿನ ತೇವ ಉಳಿಯುತ್ತದೆ ಅಂತ ತಜ್ಞರೇ ಹೇಳಿಕೊಟ್ಟಿದ್ದರು. 1930ರ ದಶಕದಲ್ಲಿ ಬರ ಬಂತು, ಗಾಳಿ ಬಂತು, ಆ ಪುಡಿಯೆಲ್ಲ ಎದ್ದು ಹೋಯಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿಗೆ ಆ ಭಾನುವಾರಕ್ಕೇ 'ಕಪ್ಪು ಭಾನುವಾರ' ಅಂತ ಹೆಸರು ಬಂತು. ಅದೇ ವರ್ಷ ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ಕಟ್ಟಿತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ಎಂಬಾತ ನೇಗಿಲೇ ಮೂರ್ಖತನ ಎನ್ನುವಂಥ ತಲೆಬರಹ ಇಟ್ಟು ಪುಸ್ತಕ ಬರೆದ. ಇದೆಲ್ಲ ಓದಿದ ನಮಗೆ ಉಳುವವರೆಲ್ಲ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು. ಇಪ್ಪತ್ತೊಂದು ವರ್ಷ ವಯಸ್ಸು, ವೈಫೈ ಬೇರೆ ಇತ್ತು.

2023ರ ಜುಲೈನಲ್ಲಿ ನವಲಗುಂದದವನ ಊರಿಗೆ ಹೋದೆವು. ಜೂನ್ ಪೂರ್ತಿ ಮಳೆ ಕೈಕೊಟ್ಟಿತ್ತು, ಹೆಸರು ಬಿತ್ತಲು ಆಗಿರಲಿಲ್ಲ. ಜುಲೈ ಕೊನೆಗೆ ಮಳೆ ಹಿಡಿಯಿತು. ಅವರ ಮನೆಯಲ್ಲಿ ಕಾಕಾ, ಅಂದರೆ ಅವನ ಅಪ್ಪ, ಅವ್ವ, ಅಣ್ಣ, ಒಂದು ಜೋಡಿ ಎತ್ತು. ಕಾಲುವೆ ಮುಟ್ಟದ ಮೂರು ಎಕರೆ ತುಂಡು ಒಂದಿತ್ತು, ಹಿಂಗಾರಿಗೆ ಗೋಧಿ ಅಂತ ಬಿಟ್ಟಿದ್ದರು. ಆ ತುಂಡಿನ ಬಗ್ಗೆ ಮನೆಯಲ್ಲಿ ಮೊದಲೇ ಜಗಳ ಇತ್ತು. ಕಾಕಾಗೆ ಕುಂಟಿ, ಅಣ್ಣನಿಗೆ ರೋಟವೇಟರ್. ಕಾಕಾ ಪ್ರತಿ ದೊಡ್ಡ ಮಳೆ ಆದಮೇಲೆ ಹೊಲ ಆರುವುದನ್ನು ಕಾದು ಎತ್ತು ಕಟ್ಟಿ ಹರಗುವವರು. ಅಣ್ಣನಿಗೆ ಅದು ದಿನಗಟ್ಟಲೆ ಬಿಸಿಲಿನಲ್ಲಿ ನಡೆಯುವ ಕೆಲಸ. ಬಾಡಿಗೆ ಟ್ರ್ಯಾಕ್ಟರ್ ಕರೆಸಿದರೆ ಒಂದು ತಾಸಿಗೆ ಮಣ್ಣು ಹಿಟ್ಟಿನ ಹಾಗೆ ಆಗುತ್ತದೆ, ಕೆಲಸ ಮುಗೀತು.

ನಾವು ಹೋಗಿ ಮೂರನೆಯ ಪಕ್ಷ ಕಟ್ಟಿದೆವು. ಒಂದೆಕರೆ ಕಾಕಾ ಹೇಳಿದ ಹಾಗೆ, ಒಂದೆಕರೆ ಅಣ್ಣ ಹೇಳಿದ ಹಾಗೆ, ಒಂದೆಕರೆ ನಮಗೆ ಬಿಡಿ, ಅದನ್ನು ಮುಟ್ಟುವುದೇ ಬೇಡ, ನೇರ ಬಿತ್ತೋಣ ಅಂದೆವು.

"ಹರಗದ ಬಿಟ್ರ ಬೀಳು ಬಿಟ್ಟಂಗ ಕಾಣತೈತಿ. ಮಂದಿ ಏನಂದಾರು?" ಅಂದರು ಕಾಕಾ.

"ಮಂದಿ ಮಾತು ಬಿಡ್ರಿ ಕಾಕಾ. ಆಸ್ಟ್ರೇಲಿಯಾದಲ್ಲಿ ಕೂಳೆ, ಹೊಟ್ಟು ಎಲ್ಲಾ ಹೊಲದಲ್ಲೇ ಬಿಡ್ತಾರೆ. ಅದೇ ಮಣ್ಣಿಗೆ ನೆರಳು."

"ಆಸ್ಟ್ರೇಲಿಯಾದಾಗ ಎತ್ತಿಗೆ ಏನ್ ಹಾಕ್ತಾರ?"

ನಾವು ನಕ್ಕೆವು. ಅವರು ನಗಲಿಲ್ಲ, ಆದರೆ ಮಗನ ಮುಖ ನೋಡಿ ಹೂಂ ಅಂದರು. ಆ ಪ್ರಶ್ನೆಗೆ ಅವತ್ತೇ ಉತ್ತರ ಹುಡುಕಿದ್ದರೆ ಈ ಲೇಖನ ಬರೆಯುವ ಪ್ರಮೇಯ ಇರುತ್ತಿರಲಿಲ್ಲ. ಹಿಂದಿನ ವರ್ಷ ಆ ಹೊಲದಲ್ಲಿದ್ದದ್ದು ಜೋಳ. ಅದರ ಕಣಕಿ ಬುಡಮಟ್ಟ ಕೊಯ್ದು ಬಣವಿ ಒಟ್ಟಿ, ಜುಲೈ ಹೊತ್ತಿಗೆ ಮುಕ್ಕಾಲು ಎತ್ತುಗಳ ಹೊಟ್ಟೆ ಸೇರಿತ್ತು. ನಮ್ಮ ಒಂದೆಕರೆಯಲ್ಲಿ ಹೊದಿಕೆ ಅಂತ ಇದ್ದದ್ದು ಅಲ್ಲೊಂದು ಇಲ್ಲೊಂದು ಒಣ ಕೂಳೆ ಮತ್ತು ನಮ್ಮ ಆತ್ಮವಿಶ್ವಾಸ.

ಆಮೇಲೆ ಆಗಸ್ಟ್ ಬಂತು. 1901ರಿಂದೀಚೆಗೆ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಅದು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಹಾಸ್ಟೆಲಿನಲ್ಲಿ ಕೂತ ನಮಗೆ ಬರ ಅಂದರೆ ಸ್ನಾನದ ನೀರು ಬೆಳಗ್ಗೆ ಏಳಕ್ಕೇ ನಿಲ್ಲುವುದು. ಊರಿನಿಂದ ಬರುತ್ತಿದ್ದ ಫೋಟೋಗಳಲ್ಲಿ ನಮ್ಮ ಎಕರೆ ಬಿರುಕು ಬಿಡತೊಡಗಿತ್ತು.

ಇಲ್ಲಿ ಸ್ವಲ್ಪ ಮಣ್ಣಿನ ಒಳಗೆ ಇಳಿಯೋಣ. ಮೆಕ್ಯಾನಿಕಲ್‌ನವರು ಓಡಿಹೋಗಬೇಡಿ, ನಿಮ್ಮದೇ ಸಿಲೆಬಸ್ಸು.

ನೆಲದಿಂದ ನೀರು ಆರುವುದು ಎರಡು ಹಂತದಲ್ಲಿ. ಮೇಲ್ಮೈ ಒದ್ದೆ ಇರುವಷ್ಟು ದಿನ ಬಿಸಿಲು ಎಷ್ಟು ಶಾಖ ಕೊಡುತ್ತದೋ ಅಷ್ಟು ಆರುತ್ತದೆ. ಮೇಲ್ಮೈ ಒಣಗಿದ ಮೇಲೆ ಕೆಳಗಿನಿಂದ ಮಣ್ಣು ಎಷ್ಟು ನೀರನ್ನು ಮೇಲಕ್ಕೆ ಸಾಗಿಸಬಲ್ಲದೋ ಅಷ್ಟೇ. ಈ ಸಾಗಣೆ ನಡೆಯುವುದು ಕೂದಲಿನಂಥ ರಂಧ್ರಗಳಲ್ಲಿ. ರಂಧ್ರ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ, ಪಿಯುಸಿಯಲ್ಲಿ ಓದಿದ ಸೂತ್ರವೇ. ಕುಂಟಿ ಹೊಡೆದಾಗ ಮೇಲಿನ ಎರಡು ಮೂರು ಅಂಗುಲ ಮಣ್ಣು ಬುಡದಿಂದ ಬಿಡಿಸಿಕೊಂಡು ಕಾಳು ಕಾಳಾಗಿ ಸಡಿಲ ಕೂರುತ್ತದೆ. ದೊಡ್ಡ ರಂಧ್ರ, ಕಡಿಮೆ ಸಂಪರ್ಕ. ಎರಡು ಲೋಹದ ತಟ್ಟೆಗಳ ನಡುವೆ ಥರ್ಮಲ್ ಪೇಸ್ಟ್ ಹಾಕದೆ ಬಿಟ್ಟರೆ ಶಾಖ ದಾಟಲು ಒದ್ದಾಡುತ್ತದಲ್ಲ, ಹಾಗೆ ಇಲ್ಲಿ ನೀರು ಒದ್ದಾಡುತ್ತದೆ. ಇದು ಅಮೆರಿಕದ ಆ ಧೂಳು ಹೊದಿಕೆಯ ವಾದವೇ ಅಲ್ಲವೇ ಅಂತ ನೀವು ಕೇಳಬಹುದು. ವಾದ ಅದೇ. ಆದರೆ ನಮ್ಮ ಎರೆಮಣ್ಣಿಗೆ ಇನ್ನೊಂದು ರೋಗ ಇದೆ. ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಸೀಳುತ್ತದೆ. ನಮ್ಮ ಹೊಲದ ಬಿರುಕಿನಲ್ಲಿ ಇಡೀ ತೋಳು ಹೋಗುತ್ತಿತ್ತು, ಶಿವಮೊಗ್ಗದವನು ಇಳಿಸಿ ತೋರಿಸಿದ. ಆ ಬಿರುಕಿನ ಎರಡೂ ಗೋಡೆಗಳಿಂದ, ಎರಡಡಿ ಆಳದಲ್ಲೂ, ನೀರು ಆರಿ ಹೋಗುತ್ತಿರುತ್ತದೆ. ಬೇರು ಮುಟ್ಟಬೇಕಾದ ನೀರು ಅದು. ಕುಂಟಿ ಹೊಡೆದರೆ ಸಡಿಲ ಮಣ್ಣು ಬಿರುಕಿನ ಬಾಯಿಗೆ ಬಿದ್ದು ಮುಚ್ಚಿಕೊಳ್ಳುತ್ತದೆ. ಕಳೆಯೂ ಬುಡಕ್ಕೇ ಕೊಯ್ದು ಹೋಗುತ್ತದೆ. ಒಂದು ಅಲಗಿನ ಹೊಡೆತಕ್ಕೆ ಮೂರು ಕೆಲಸ.

ಇದೇನು ಕಾಕಾ ಒಬ್ಬರ ಗುಟ್ಟಲ್ಲ. 1930ರ ದಶಕದಲ್ಲೇ ಸೋಲಾಪುರ, ವಿಜಯಪುರ, ಹಗರಿ, ರಾಯಚೂರು ಮತ್ತು ಹರಿಯಾಣದ ರೋಹ್ಟಕ್‌ನಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ನಮ್ಮ ಗೋಧಿ ಸೀಮೆಗೆ ಅಂಟಿದ ಊರುಗಳೇ ಹೆಚ್ಚು, ನೋಡಿ. ಆ ಕಾಲಕ್ಕೆ ಮುಂಬೈ ಪ್ರಾಂತದಲ್ಲಿ ರೂಪುಗೊಂಡ ಒಣಬೇಸಾಯ ಪದ್ಧತಿಯಲ್ಲಿ ಇದ್ದದ್ದು ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಮಾತ್ರ ಆಳವಾಗಿ ಉಳುವುದು, ನಡುವೆ ಮತ್ತೆ ಮತ್ತೆ ಹರಗುವುದು, ಬೀಜ ಕಡಿಮೆ ಹಾಕಿ ಸಾಲು ಅಗಲ ಬಿಡುವುದು. ನಾವು ಆಸ್ಟ್ರೇಲಿಯಾದವರೆಗೆ ಹೋಗಿ ಬಂದೆವು, ವಿಜಯಪುರಕ್ಕೆ ಹೋಗಲಿಲ್ಲ.

ಹೋಗಲಿ, ಉಪಕರಣದ ಕಥೆಗೆ ಬರೋಣ. ಎಲೆಕ್ಟ್ರಾನಿಕ್ಸ್‌ನವನು ಕೆಪಾಸಿಟಿವ್ ಸೆನ್ಸರ್‌ಗಳನ್ನು ಒಂದು ಇ.ಎಸ್.ಪಿ. 32 ಬೋರ್ಡಿಗೆ ಜೋಡಿಸಿ ಮೂರೂ ಎಕರೆಯಲ್ಲಿ ಹೂತಿದ್ದ. ಮೊದಲ ವಾರ ಚಂದದ ಗ್ರಾಫು. ಎರಡನೇ ವಾರಕ್ಕೆ ನಮ್ಮ ಎಕರೆಯ ಸೆನ್ಸರ್ ಮರುಭೂಮಿಯ ಅಂಕಿ ಕೊಡಲು ಶುರು ಮಾಡಿತು. ಹೋಗಿ ನೋಡಿದರೆ ಮಣ್ಣು ಕುಗ್ಗಿ ಸೆನ್ಸರಿನ ಪಕ್ಕದಿಂದಲೇ ಬಿರುಕು ಬಿಟ್ಟಿದೆ, ಅದು ಅಳೆಯುತ್ತಿರುವುದು ಗಾಳಿಯನ್ನು. ಕೋನ್ ಪೆನೆಟ್ರೋಮೀಟರ್ ಅಂತ ವರ್ಕ್‌ಶಾಪಿನಲ್ಲಿ ಒಂದು ಸರಳು ಮಾಡಿಕೊಂಡು ಹೋಗಿದ್ದೆವು. ಎರಡು ಮೆಗಾಪಾಸ್ಕಲ್ ಮೀರಿದರೆ ಬೇರಿಗೆ ಒಳಗೆ ಹೋಗಲು ಕಷ್ಟ ಅಂತ ಓದಿದ್ದೆವು. ನಮ್ಮ ಎಕರೆಯಲ್ಲಿ ಸರಳೇ ಬಾಗಿತು. ರೋಟವೇಟರ್ ಎಕರೆಯಲ್ಲಿ ಮೇಲಿನ ನಾಲ್ಕು ಅಂಗುಲ ಬೆಣ್ಣೆಯ ಹಾಗೆ ಇಳಿದು ಆಮೇಲೆ ಟಕ್ ಅಂತ ನಿಂತಿತು. ಅದರ ಅಲಗುಗಳು ಒಂದೇ ಆಳದಲ್ಲಿ ತಿರುಗಿ ತಿರುಗಿ ಕೆಳಗಿನ ಪದರವನ್ನು ತಟ್ಟಿ ಗಟ್ಟಿ ಮಾಡುತ್ತವೆ. ಮೇಲಿನ ಹಿಟ್ಟು ಮಣ್ಣೋ, ಒಂದು ಜೋರು ಮಳೆ ಬಿದ್ದರೆ ಹಪ್ಪಳಗಟ್ಟುತ್ತದೆ, ಮುಂದಿನ ಮಳೆ ಒಳಗೆ ಇಳಿಯದೆ ಹರಿದು ಹೋಗುತ್ತದೆ.

ಕಾಕಾ ನಮ್ಮ ಉಪಕರಣಗಳನ್ನೆಲ್ಲ ನೋಡಿ, ಕೂತು, ಮೊಣಕೈವರೆಗೆ ಮಣ್ಣು ಕೆದರಿ ಒಂದು ಹಿಡಿ ತೆಗೆದು ಉಂಡಿ ಕಟ್ಟಿದರು. ತಮ್ಮ ಎಕರೆಯದು ಉಂಡಿ ನಿಂತಿತು. ಅಣ್ಣನದು ಕಟ್ಟಿತು, ಒತ್ತಿದರೆ ಒಡೆಯಿತು. ನಮ್ಮದು ಉಂಡಿಯೇ ಆಗಲಿಲ್ಲ.

"ಹಸಿ ಕೆಳಗ ಇಳದೈತಿ ತಮ್ಮಾ," ಅಂದರು, ನಮಗೆ ಬೇಜಾರಾಗದಿರಲಿ ಅಂತ.

ಸೆಪ್ಟೆಂಬರ್ ಕೊನೆಗೆ ಒಂದು ಮಳೆ ಬಂತು. ಅದರ ಮೇಲೆ ಕಾಕಾ ಮೂರನೇ ಸಲ ಹರಗಿದರು. ಅಕ್ಟೋಬರ್ ಎರಡನೇ ವಾರ ಬಿತ್ತನೆ. ಬೀಜ ಅವರದೇ ಮನೆಯ ಹಳೆಯ ಬಿಜಗಾ ಗೋಧಿ, ಉದ್ದ ಪೈರಿನದು. ನಾವು ಟ್ರ್ಯಾಕ್ಟರ್ ಕೂರಿಗೆಯ ತಾಳುಗಳನ್ನು ಬದಲಿಸಿ, ತಲೆಕೆಳಗಾದ ಟಿ ಅಕ್ಷರದ ಆಕಾರದ ಕಿರಿದಾದ ಉಕ್ಕಿನ ತುದಿ ಬೆಸೆದಿದ್ದೆವು. ವರ್ಕ್‌ಶಾಪಿನಲ್ಲಿ ಅದು ಬಹಳ ಸುಂದರವಾಗಿ ಕಾಣುತ್ತಿತ್ತು. ಹರಗದ ನೆಲದ ಮೇಲೆ ಅದು ಕುದುರೆಯ ಹಾಗೆ ಕುಣಿಯಿತು. ಅರ್ಧ ಬೀಜ ಹಸಿ ಮುಟ್ಟುವ ಆಳಕ್ಕೆ ಹೋಗಲೇ ಇಲ್ಲ. ತೂಕಕ್ಕೆ ಅಂತ ನಾವು ಇಬ್ಬರು ಕೂರಿಗೆಯ ಮೇಲೆ ಹತ್ತಿ ನಿಂತೆವು. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ನೋಡಿದರು. ಮಂದಿ ಏನಂದಾರು ಅನ್ನುವ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತು, ಇಲ್ಲಿ ಬರೆಯುವಂತಿಲ್ಲ.

ಬಿತ್ತುವ ದಿನ ಮೂರೂ ಎಕರೆಯಿಂದ ಒಂದಡಿ ಆಳದವರೆಗಿನ ಮಣ್ಣು ತುಂಬಿಕೊಂಡು ಬಂದು ಸಿವಿಲ್ ವಿಭಾಗದ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಇಟ್ಟೆವು. ಸೆನ್ಸರಿಗಿಂತ ಈ ಹಳೇ ವಿಧಾನವೇ ನಂಬಿಕಸ್ಥ. ಒಣ ಮಣ್ಣಿನ ತೂಕಕ್ಕೆ ಹೋಲಿಸಿದರೆ ನೀರು ಕುಂಟಿ ಎಕರೆಯಲ್ಲಿ ಶೇ. 33, ರೋಟವೇಟರ್ ಎಕರೆಯಲ್ಲಿ ಶೇ. 31, ನಮ್ಮದರಲ್ಲಿ ಶೇ. 27. ಮೊದಲು ನೋಡಿದಾಗ ನಮಗೆ ಇದು ದೊಡ್ಡ ವ್ಯತ್ಯಾಸ ಅನ್ನಿಸಲಿಲ್ಲ. ಆರು ಅಂಶ ಏನು ಮಹಾ ಅಂದುಕೊಂಡೆವು. ಇಂಟರ್ನಲ್ಸ್‌ನಲ್ಲಿ ಆರು ಮಾರ್ಕ್ಸ್ ಹೋದರೆ ಗಲಾಟೆ ಮಾಡುವವರು ನಾವೇ.

ಆ ವರ್ಷದ ಹಿಂಗಾರು ಕೈಕೊಟ್ಟಿತು. ನಮ್ಮ ಎಕರೆಯಲ್ಲಿ ಪೈರು ಎದ್ದದ್ದೇ ಹಲ್ಲು ಉದುರಿದ ಬಾಯಿಯ ಹಾಗೆ. ನಡುವೆ ಕಳೆ. ಹರಗದ ಹೊಲದಲ್ಲಿ ಕಳೆಗೆ ಔಷಧ ಹೊಡೆಯಬೇಕಿತ್ತು, ನಾವು ಸಾವಯವ ಅಂತ ಬೇರೆ ಹೇಳಿಕೊಂಡಿದ್ದೆವು. ಕಡೆಗೆ ಅವ್ವ ಮತ್ತು ಇನ್ನಿಬ್ಬರು ಹೆಣ್ಣಾಳುಗಳು ಕೂತು ಕಿತ್ತರು. ಅದರ ಕೂಲಿ ನಮ್ಮ ಪ್ರಾಜೆಕ್ಟ್ ಬಜೆಟ್ಟಿನಲ್ಲಿ ಇರಲಿಲ್ಲ. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಅಣ್ಣ ಸಿಟ್ಟಿನಲ್ಲಿ ಹೇಳಿದ್ದಕ್ಕೆ. ಅವ್ವ ಹೇಳಿರಲಿಲ್ಲ.

ಜನವರಿಯಲ್ಲಿ ತೆನೆ ಬಿಟ್ಟಿತು. ಗೋಧಿಗೆ ಇದು ನಿರ್ಣಾಯಕ ಕಾಲ. ಮೇಲಿನ ಮಣ್ಣು ಒಣಗಿ ಹೋಗಿರುತ್ತದೆ, ಬೇರು ಕೆಳಗಿನ ನೀರನ್ನು ಹುಡುಕುತ್ತದೆ, ಆಗ ಸಿಕ್ಕ ಪ್ರತಿ ಹನಿ ನೇರ ಕಾಳಿಗೆ ಹೋಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೂ ಬಿಟ್ಟ ಮೇಲೆ ಆಳದ ಮಣ್ಣಿನಿಂದ ಹೆಚ್ಚುವರಿಯಾಗಿ ಸಿಕ್ಕ ಪ್ರತಿ ಮಿಲಿಮೀಟರ್ ನೀರಿಗೆ ಹೆಕ್ಟೇರಿಗೆ 59 ಕೆಜಿ ಗೋಧಿ ಸಿಕ್ಕಿತ್ತು. ಒಂದು ಮಿಲಿಮೀಟರಿಗೆ! ಅದನ್ನು ಓದಿದ ರಾತ್ರಿ ನಮಗೆ ಆ ತೋಳು ಹೋಗುವ ಬಿರುಕು ನೆನಪಾಯಿತು.

ಫೆಬ್ರವರಿ ಕೊನೆಗೆ ಕೊಯ್ಲು. ಮೂರೂ ರಾಶಿ ಬೇರೆ ಬೇರೆ ಮಾಡಿ ತೂಗಿದೆವು. ಕುಂಟಿ ಎಕರೆ 3 ಕ್ವಿಂಟಲ್ 20 ಕೆಜಿ. ರೋಟವೇಟರ್ ಎಕರೆ 2 ಕ್ವಿಂಟಲ್ 40 ಕೆಜಿ. ನಮ್ಮದು 1 ಕ್ವಿಂಟಲ್ 60 ಕೆಜಿ. ಸರಿಯಾಗಿ ಅರ್ಧ.

ಆ ರಾತ್ರಿ ಅವರ ಮನೆಯ ಮಾಳಿಗೆಯ ಮೇಲೆ ಕೂತು ಲೆಕ್ಕ ಹಾಕಿದೆವು. ಆರು ಅಂಶ ನೀರು, ಮಣ್ಣಿನ ಸಾಂದ್ರತೆ 1.3, ಆಳ 300 ಮಿ.ಮೀ., ಗುಣಿಸಿದರೆ ಸುಮಾರು 23 ಮಿ.ಮೀ. ಮಣ್ಣು ಹಿಗ್ಗಿ ಕುಗ್ಗುವಾಗ ಸಾಂದ್ರತೆ ಬದಲಾಗುತ್ತದೆ, ಗೊತ್ತು, ಅದು ಇರಲಿ. ಫ್ರೆಂಚ್ ಮತ್ತು ಷುಲ್ಟ್ಜ್ ಎಂಬಿಬ್ಬರು 1984ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹೊಲಗಳನ್ನು ನೋಡಿ ಒಂದು ಸರಳ ಗೆರೆ ಎಳೆದಿದ್ದಾರೆ. ಮಣ್ಣಿನಿಂದ ಸುಮ್ಮನೆ ಆರಿಹೋಗುವ ಸುಮಾರು 110 ಮಿ.ಮೀ. ಕಳೆದು, ಉಳಿದ ಪ್ರತಿ ಮಿ.ಮೀ.ಗೆ ಗೋಧಿಯಿಂದ ಹೆಚ್ಚೆಂದರೆ ಹೆಕ್ಟೇರಿಗೆ 20 ಕೆಜಿ ತೆಗೆಯಬಹುದು. 23ನ್ನು 20ರಿಂದ ಗುಣಿಸಿ ಎಕರೆಗೆ ತಂದರೆ ಸುಮಾರು 1 ಕ್ವಿಂಟಲ್ 86 ಕೆಜಿ. ನಾವು ಕಳೆದುಕೊಂಡದ್ದು 1 ಕ್ವಿಂಟಲ್ 60. ಇಷ್ಟು ಚೆನ್ನಾಗಿ ಕೂಡಿಬಂದ ಲೆಕ್ಕ ನಾಲ್ಕು ವರ್ಷದಲ್ಲಿ ನಮಗೆ ಇದೊಂದೇ, ಖುಷಿ ಪಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಒಂದು ಮಾತು ಹೇಳಲೇಬೇಕು. ಇದು ಒಂದು ಹೊಲ, ಒಂದು ವರ್ಷ, ಒಂದೊಂದೇ ತುಂಡು. ನಮ್ಮ ಎಕರೆ ಏರಿನ ಕಡೆ ಇತ್ತು, ಅಲ್ಲಿ ಮಣ್ಣು ತುಸು ತೆಳು. ಬಿತ್ತನೆಯೂ ಕೆಟ್ಟಿತು, ಅದು ಉಳುಮೆಯ ತಪ್ಪಲ್ಲ, ನಮ್ಮ ವೆಲ್ಡಿಂಗಿನದು. ಹಾಗಾಗಿ ಯಾರೂ ಈ ಅಂಕಿಗಳನ್ನು ತಮ್ಮ ರಿಪೋರ್ಟಿಗೆ ಎತ್ತಿಕೊಳ್ಳಬೇಡಿ. ದೊಡ್ಡ ಲೆಕ್ಕ ಬೇಕಿದ್ದರೆ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಇದೆ. 63 ದೇಶಗಳ 610 ಅಧ್ಯಯನಗಳಿಂದ 5,463 ಹೋಲಿಕೆಗಳು. ಉಳದೆ ಬಿತ್ತಿದಾಗ ಇಳುವರಿ ಸರಾಸರಿ ಶೇ. 5.7ರಷ್ಟು ಕುಸಿದಿದೆ. ಆದರೆ ಒಣ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ, ಕೂಳೆ ಹೊಟ್ಟು ನೆಲದ ಮೇಲೆ ಬಿಟ್ಟು, ಬೆಳೆಯನ್ನೂ ಬದಲಿಸುತ್ತ ಹೋದರೆ ಶೇ. 7.3ರಷ್ಟು ಏರಿದೆ. ಅಂದರೆ ಬರಕ್ಕೆ ಅದು ಒಳ್ಳೆಯ ಉಪಾಯವೇ, ಮೂರೂ ಷರತ್ತು ಕೂಡಿದರೆ. ನಾವು ಮಾಡಿದ್ದು ಮೂರರಲ್ಲಿ ಒಂದನ್ನು, ಎಲ್ಲಕ್ಕಿಂತ ಸೋವಿಯಾದದ್ದನ್ನು. ಈ ಪೇಪರ್ ನಮ್ಮ ಲಿಟರೇಚರ್ ಸರ್ವೇಯಲ್ಲೇ ಇತ್ತು. ಸಾರಾಂಶದ ಮೊದಲ ಎರಡು ಸಾಲು ಓದಿ ಪಟ್ಟಿಗೆ ಸೇರಿಸಿದ್ದೆವು. ನೀವೂ ಹಾಗೇ ಮಾಡುತ್ತೀರಿ, ನಮಗೆ ಗೊತ್ತು.

ಎರಡನೇ ಷರತ್ತು ಯಾಕೆ ಸೋವಿಯಲ್ಲ ಅನ್ನುವುದು ಮಾರನೇ ದಿನ ಗೊತ್ತಾಯಿತು. ಬೆಳಗ್ಗೆ ನಾವು ಧೈರ್ಯ ಮಾಡಿ, ಕಾಕಾ, ಈ ಸಲದ ಗೋಧಿ ಹೊಟ್ಟು ಹೊಲದಲ್ಲೇ ಹರಡೋಣ, ಮುಂದಿನ ವರ್ಷ ಸರಿಯಾಗಿ ಮಾಡೋಣ ಅಂದೆವು. ಅವರು ನಮ್ಮನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಒಂದು ಗ್ವಾದಲಿ ಖಾಲಿ. ಇನ್ನೊಂದರಲ್ಲಿ ಒಂದು ಹಿಡಿ ಕಣಕಿ, ಬಾಯಾಡಿಸಲಿಕ್ಕೆ. ಬಣವಿ ಇದ್ದ ಜಾಗದಲ್ಲಿ ಬರೀ ಕಲ್ಲು. ಮೇವಿನ ದರ ಏರಿ ಸುತ್ತಲ ಹಳ್ಳಿಗಳ ಎತ್ತುಗಳೆಲ್ಲ ಸಂತೆ ಕಡೆ ನಡೆದಿದ್ದವು.

"ಹೊಟ್ಟು ಹೊಲಕ್ಕ ಹಾಕಿದ್ರ ಇವಕ್ಕ ಏನ್ ಹಾಕ್ಲಿ?"

ಜುಲೈನ ಅದೇ ಪ್ರಶ್ನೆ. ಈ ಸಲ ನಾವು ನಗಲಿಲ್ಲ.

ಎಂ.ಎಸ್.ಪಿ. ಲೆಕ್ಕದಲ್ಲಿ ಕ್ವಿಂಟಲ್ಲಿಗೆ 2,275 ರೂಪಾಯಿ, 1 ಕ್ವಿಂಟಲ್ 60ಕ್ಕೆ 3,640. ನಾಲ್ಕು ಪಾಲು ಮಾಡಿ ತಲಾ 910 ಹಾಕಿ, ಕಳೆ ಕಿತ್ತ ಕೂಲಿಯನ್ನೂ ಸೇರಿಸಿ ಲಕೋಟೆಯಲ್ಲಿಟ್ಟು ಕೊಟ್ಟೆವು. ಕಾಕಾ ಎಣಿಸಲೂ ಇಲ್ಲ. "ಸಾಲಿ ಹುಡುಗರ ಕಡೆ ರೊಕ್ಕಾ ತಗೊಂಡು ಎಲ್ಲಿಡ್ಲೆಪಾ" ಅಂತ ಮಗನ ಜೇಬಿಗೇ ತುರುಕಿದರು. ಅವ್ವ ಆ ದಿನ ಗೋಧಿ ಹುಗ್ಗಿ ಮಾಡಿದ್ದರು. ಯಾವ ಎಕರೆಯ ಗೋಧಿ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೆಂಗಳೂರಿನವನು ಮೂರು ಸಲ ಹಾಕಿಸಿಕೊಂಡ.

ಎತ್ತು ಮಾರಿದ್ದು ಮಾರ್ಚಿನಲ್ಲಿ. ನಮಗೆ ಸುದ್ದಿ ಬಂದದ್ದು ನವಲಗುಂದದವನು ರಾತ್ರಿ ಊಟಕ್ಕೆ ಬರದೆ ಕೋಣೆಯಲ್ಲೇ ಮಲಗಿದಾಗ. ಅವನು ಹೈಸ್ಕೂಲಿನಲ್ಲಿದ್ದಾಗ ತಂದ ಕರುಗಳಂತೆ ಅವು. ಮೂರು ಎಕರೆಯಲ್ಲಿ ಚೆನ್ನಾಗಿ ಬೆಳೆದದ್ದು ಕುಂಟಿಯ ಎಕರೆ. ಆ ಕುಂಟಿ ಎಳೆಯುವ ಜೋಡಿಯನ್ನೇ ಬರ ತಿಂದು ಹಾಕಿತು. ಮುಂದಿನ ವರ್ಷ ಮೂರೂ ಎಕರೆಗೆ ರೋಟವೇಟರ್ ಅನ್ನುವುದು ಖಾತ್ರಿಯಾದಂತೆ. ಅಣ್ಣ ಗೆದ್ದ ಹಾಗೆ ಆಯಿತು, ಆದರೆ ಅವನೂ ಆ ವಾರ ಯಾರ ಜೊತೆಗೂ ಮಾತಾಡಲಿಲ್ಲವಂತೆ.

ಟ್ರ್ಯಾಕ್ಟರಿಗೆ ಕಟ್ಟುವ ಕುಂಟಿ ಅಂಗಡಿಯಲ್ಲಿ ಸಿಗುತ್ತದೆ, ನಾವೇನೂ ಹೊಸದು ಕಂಡುಹಿಡಿಯಲಿಲ್ಲ. ಅದರ ತೊಂದರೆ ಆಳ. ಎತ್ತಿನ ಕುಂಟಿಯಲ್ಲಿ ಕಾಕಾ ಮೇಲೆ ಕಾಲಿಟ್ಟು, ತೆಗೆದು, ವಾಲಿ, ಹೆಜ್ಜೆ ಹೆಜ್ಜೆಗೂ ಆಳ ತಿದ್ದುತ್ತಾರೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದು ತಗ್ಗು ಬಂದರೆ ಗಾಳಿಯಲ್ಲಿ, ಉಬ್ಬು ಬಂದರೆ ಅರ್ಧ ಅಡಿ ಒಳಗೆ. ಏಪ್ರಿಲ್, ಮೇ ಎರಡು ತಿಂಗಳು ನಾವು ಬೇರೆ ಏನೂ ಮಾಡಲಿಲ್ಲ. ಕೂರಿಗೆಯಿಂದ ಬಿಚ್ಚಿದ ಆ ಟಿ ತುದಿಗಳನ್ನು ಗುಜರಿಗೆ ಹಾಕಿ, ಅದೇ ಚೌಕಟ್ಟಿಗೆ ಎರಡು ಕಡೆ ಆಳದ ಗಾಲಿ ಕೂರಿಸಿ, ಅಲಗನ್ನು ಎರಡು ತುಂಡು ಮಾಡಿ ಒಂದೊಂದೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವ ಹಾಗೆ ಸ್ಪ್ರಿಂಗ್ ಹಾಕಿದೆವು. ಸ್ಪ್ರಿಂಗ್ ಯಾವುದೋ ಹಳೇ ಲೂನಾದ್ದು. ಇದಕ್ಕೆ ಮಾರ್ಕ್ಸ್ ಇರಲಿಲ್ಲ, ರಿಪೋರ್ಟ್ ಆಗಲೇ ಬೈಂಡಿಂಗಿಗೆ ಹೋಗಿತ್ತು. ಗೈಡ್ ಸರ್ ಒಂದು ಸಂಜೆ ವರ್ಕ್‌ಶಾಪಿಗೆ ಬಂದು, ಇದೇನ್ರಪ್ಪ ಅಂತ ಕೇಳಿ, ಅರ್ಧ ಗಂಟೆ ನಿಂತು, ಒಂದು ಬೆಸುಗೆ ಸರಿಯಿಲ್ಲ ಅಂತ ಮತ್ತೆ ಮಾಡಿಸಿದರು.

ಜೂನ್ ಮೊದಲ ವಾರ ಅದನ್ನು ಒಂದು ಮಿನಿ ಲಾರಿಯಲ್ಲಿ ಹಾಕಿ ಕಳಿಸಿದೆವು. 2024ರ ಮುಂಗಾರು ಆ ಹೊತ್ತಿಗೆ ಶುರುವಾಗಿತ್ತು. ಮಳೆಯಾಗಿ ನಾಲ್ಕನೇ ದಿನ ಅಣ್ಣ ವಿಡಿಯೋ ಕಾಲ್ ಮಾಡಿದ. ಬಾಡಿಗೆ ಟ್ರ್ಯಾಕ್ಟರ್ ಸೀಟಿನಲ್ಲಿ ಅವನು, ಹಿಂದೆ ಸಾಲು ಬಿಚ್ಚಿಕೊಂಡ ಕರಿ ಮಣ್ಣು, ಕಾಕಾ ಪಕ್ಕದಲ್ಲೇ ನಡೆಯುತ್ತಾ ಬಗ್ಗಿ ಬಗ್ಗಿ ಬೆರಳು ಇಳಿಸಿ ಆಳ ನೋಡುತ್ತಿದ್ದರು. ಫೋನು ಅವರ ಕೈಗೆ ಕೊಟ್ಟರು. ಅವರಿಗೆ ಯಾವ ಕಡೆ ನೋಡಿ ಮಾತಾಡಬೇಕು ಗೊತ್ತಾಗಲಿಲ್ಲ, ನಮಗೆ ಕಂಡದ್ದು ಬರೀ ಅವರ ಕಿವಿ ಮತ್ತು ಆಕಾಶ.

"ಸ್ವಲ್ಪ ಜಡಾ ಆಗೈತಿ," ಅಂದರು. "ಬಲಗಡಿ ಗಾಲಿಗೆ ಮಣ್ಣು ಮೆತ್ತಾಕತ್ತೈತಿ, ಅದನ್ನೊಂದೀಟು ನೋಡ್ರಿ."

ಗಾಲಿಗೆ ಮಣ್ಣು ಕೆರೆಯುವ ಪಟ್ಟಿಯೊಂದನ್ನು ಈಗ ಮಾಡುತ್ತಿದ್ದೇವೆ.